ಮರಳೋ, ಚಿಪ್ಪೋ

ಜೆಲ್ಲಿನ ಬಾಟಲಿಯನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟಿದ್ದೇನೆ.
ಇದೊಂದು ಕೆಲಸ ಇನ್ನೂ ನನಗೇ ಬಿಟ್ಟಿದ್ದಾರೆ.
ಮಸ್ಕತ್ತಿನ ಜುಲೈ, ಹೊರಗೆ ನಲವತ್ತೇಳು;
ಒಳಗೆ ಯಂತ್ರಕ್ಕೆ ಸೆಕೆಯಾಗಬಾರದೆಂದು
ನಾವು ಸ್ವೆಟರು ಹಾಕಿಕೊಂಡಿದ್ದೇವೆ.

ಹದಿನೇಳು ವರ್ಷ ಈ ಬಲಗೈ ಪ್ರೋಬು ಹಿಡಿದಿದೆ.
ಮಣಿಕಟ್ಟಿನಲ್ಲಿ ಈಗ ಒಂದು ನೋವು ಬಾಡಿಗೆಗಿದೆ,
ವಾದಿ ಕಬೀರಿನ ಕೋಣೆಯಲ್ಲಿ ನಾನಿರುವ ಹಾಗೆ,
ವರ್ಷವರ್ಷವೂ ಕರಾರು ಮುಂದುವರಿಸಿಕೊಂಡು.
ಮಾರ್ಚಿನಲ್ಲಿ ಹೊಸ ತೋಳು ಬಂತು:
ಏಳು ಕೀಲು, ಬಿಳಿ ಬಣ್ಣ, ನಡುಕವಿಲ್ಲ, ಊಟದ ಬಿಡುವಿಲ್ಲ.
ಎಷ್ಟು ಒತ್ತಬೇಕೆಂದು ಅದಕ್ಕೆ ಹೇಳಿಟ್ಟಿದೆ;
ಮೀರಿದರೆ, ಬಾಗಿಲು ತಪ್ಪಿ
ಬೇರೆ ಮನೆಗೆ ಕಾಲಿಟ್ಟ ನೆಂಟನಂತೆ
ತಟಕ್ಕನೆ ಹಿಂದೆ ಸರಿಯುತ್ತದೆ.
ನನಗೆ ಯಾರೂ ಹೇಳಿಟ್ಟಿರಲಿಲ್ಲ.
ಮುಖ ನೋಡಿ ಕಲಿತೆ. ಹುಬ್ಬು ಗಂಟಾದರೆ ಸಡಿಲಿಸು.

ಇವತ್ತಿನ ಹೆಂಗಸು ಸೂರಿನವಳು, ಝುವೈನಾ ಬಿಂತ್ ಮರ್ಹೂನ್.
ಅರವತ್ತೊಂದು. ಬಸ್ಸಿನಲ್ಲಿ ಬಂದಿದ್ದಾಳೆ,
ತೊಡೆಯ ಮೇಲೆ ಹಲ್ವದ ಡಬ್ಬಿ.
ಕಡತದಲ್ಲಿ ಬರೆದಿದೆ: ಎಡಗಡೆ, ಎರಡು ಗಂಟೆಯ ದಿಕ್ಕು,
ಹದಿನಾಲ್ಕು ಮಿಲಿಮೀಟರಿನ ಗಂಟು ತೆಗೆದ ಜಾಗ.
ಮೊಲೆಯನ್ನು ಗಡಿಯಾರ ಮಾಡಿಕೊಂಡಿದ್ದೇವೆ, ಕೆಲಸಕ್ಕೆ ಅನುಕೂಲ.
ಉಪ್ಪುಂದದ ಮೂಕಾಂಬು ಚಿಕ್ಕಮ್ಮ
ಎದೆನೋವು, ಎದೆನೋವು ಎಂದೇ ಎರಡು ವರ್ಷ ಹೇಳಿದಳು.
ಡಾಕ್ಟರು ಹೃದಯ ನೋಡಿದರು. ಹೃದಯ ಚೆನ್ನಾಗಿತ್ತು.
ಆ ಇನ್ನೊಂದು ಪದ
ಅವಳ ಬಾಯಿಗೆ ಕೊನೆಯವರೆಗೂ ಬರಲಿಲ್ಲ.

ತೋಳು ಇಳಿಯುತ್ತದೆ.
ಪರದೆಯ ಮೇಲೆ ಬೂದು ಅಲೆ, ಅಲೆಯ ನಡುವೆ ಕಪ್ಪು ಟೊಳ್ಳು,
ಅದರ ಕಡೆಗೆ ಸೂಜಿಗಳು ಒಂದೊಂದೇ, ಬೆಳ್ಳಿಗೆರೆಯಾಗಿ.
ಡಾಕ್ಟರ್ ನಶ್ವಾ ಚುಚ್ಚುತ್ತಾರೆ, ತೋಳು ದಾರಿ ತೋರುತ್ತದೆ,
ನಾನು ಕೋನ ಓದುತ್ತೇನೆ.
ಝುವೈನಾ ಏನೋ ನೆನೆದು ನಗುತ್ತಾಳೆ. ತೋಳು ಹಿಂದೆ ಸರಿಯುತ್ತದೆ.
ಮತ್ತೆ ನಗು, ಮತ್ತೆ ಹಿಂದೆ.
"ನನ್ನ ಮೈದುನನಿಗಿಂತ ಮರ್ಯಾದಸ್ಥ!"
ಹಾಗೇ ಅಪ್ಪನ ಸುದ್ದಿಗೆ ಹೊರಳುತ್ತಾಳೆ:
ಹಡಗಿನ ಮೂತಿಯಲ್ಲಿ ನಿಂತು ಆಳ ನೋಡುವ ಕೆಲಸ ಅವನದು.
ಹಗ್ಗದ ತುದಿಗೆ ಸೀಸದ ಗುಂಡು, ಗುಂಡಿನ ಅಡಿಗೆ ಮೇಣ.
ಎಷ್ಟು ಮಾರು ಎಂದು ಹಗ್ಗ ಹೇಳುತ್ತಿತ್ತು,
ತಳ ಎಂಥದೆಂದು ಮೇಣ:
ಅಂಟಿ ಬಂದದ್ದು ಮರಳೋ, ಚಿಪ್ಪೋ, ಕೆಸರೋ.
ಕತ್ತಲಲ್ಲಿ ನಾಲಿಗೆ ತಾಗಿಸಿ ತಿಳಿಯುತ್ತಿದ್ದನಂತೆ.

ನಮ್ಮಲ್ಲೂ ಸೀಸವಿದೆ, ಗೋಡೆಯಲ್ಲಿ, ಬಾಗಿಲಲ್ಲಿ.
ಇರಿಡಿಯಮ್ಮಿನ ಅಕ್ಕಿಕಾಳೊಂದು
ತಂತಿಯ ತುದಿಯಲ್ಲಿ ಅವಳೊಳಗೆ ಹೊರಡುವ ಮೊದಲು
ಎಲ್ಲರೂ ಆಚೆ ಹೋಗಬೇಕು.
"ನೀನೂ?"
ನಾನೂ.
"ಅದು?"
ಮೂಲೆಯಲ್ಲಿ ಕೀಲು ಮಡಚಿ ನಿಂತಿದೆ. ಅದು ಇರುತ್ತದೆ.

ಏಳು ನಿಮಿಷ ನಲವತ್ತು ಸೆಕೆಂಡು.
ಕ್ಯಾಮೆರಾದಲ್ಲಿ ಅವಳ ಪಾದ ಮಾತ್ರ ಸ್ಪಷ್ಟ;
ಬಲಗಾಲಿನ ಹೆಬ್ಬೆರಳು ತಾಳ ಹಾಕುತ್ತಿದೆ,
ಯಾವ ಹಾಡಿಗೋ ಕೇಳಿಸುವುದಿಲ್ಲ.
ಮಣಿಕಟ್ಟು ಒತ್ತಿಕೊಳ್ಳುತ್ತ ನಿಂತಿದ್ದೇನೆ.
ಹೊಟ್ಟೆಕಿಚ್ಚೆಂದರೆ ಹೊಟ್ಟೆಕಿಚ್ಚು, ಸುಳ್ಳೇಕೆ,
ನಾನಿರಬೇಕಾದಲ್ಲಿ ಅದು ಇದೆ.
ಅಲ್ಲಿ ನಾನಿಲ್ಲವಲ್ಲ ಎಂಬ ನಿರಾಳವೂ ಸುಳ್ಳಲ್ಲ.

ಕೆಂಪು ದೀಪ ಆರಿತು. ಮೀಟರು ಹಿಡಿದು ಮೊದಲು ನಾನೇ ಒಳಗೆ.
ಮುಳ್ಳು ಅಲುಗಲಿಲ್ಲ.
"ತಳ ಸಿಕ್ಕಿತೇ? ಏನಿತ್ತು, ಮರಳೋ, ಚಿಪ್ಪೋ?"
ನನ್ನ ಅರಬ್ಬಿ ಅಷ್ಟು ಆಳಕ್ಕೆ ಇಳಿಯುವುದಿಲ್ಲ.
ಬೂದು ಕಂಡಿತ್ತು. ಬೂದು ಯಾವುದರದೂ ಆಗಬಹುದು.
ಆರು ಗಂಟೆ ಬಿಟ್ಟು ಮತ್ತೊಮ್ಮೆ, ಎಂದೆ, ಇನ್ನೂ ಏಳು ಸಲ ಇದೆ.

ವಾರ್ಡಿನಲ್ಲಿ ಡಬ್ಬಿ ತೆರೆದಳು. ನನ್ನ ಕೈಯಲ್ಲಿ ಇನ್ನೂ ಕೈಗವಸು.
"ಬಾಯಿ ತೆರೆ," ಎಂದು
ಬೆರಳ ತುದಿಯಷ್ಟು ಹಲ್ವ ನಾಲಿಗೆಯ ಮೇಲಿಟ್ಟಳು.
ಕಣ್ಣು ಮುಚ್ಚಿದೆ.
ಏಲಕ್ಕಿ, ಎಂದೆ. ಕೇಸರಿ.
ತಡೀರಿ, ಇನ್ನೇನೋ ಇದೆ.